ಬೈಗುಳದ ನಡುವೆ ಒಂದು ಕಬ್ಬಿಣದ ಸರಳು

ಹತ್ತೊಂಬತ್ತನೇ ಶತಮಾನದ ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರ್ ತನ್ನ ಸಮಕಾಲೀನ ಹೆಗೆಲ್‌ನನ್ನು ಢೋಂಗಿ ಎಂದು ಜರೆದದ್ದನ್ನು ಓದಿ ಬೇಸರವಾಯಿತು ಎಂದಿದ್ದೀರಿ. "ತತ್ತ್ವಜ್ಞಾನಿಗಳೇ ಹೀಗೆ ಕಚ್ಚಾಡಿದರೆ ನಾವು ಯಾರನ್ನು ನಂಬೋದು?" ಎಂದು ಕೇಳಿದ್ದೀರಿ.

ಹೊಟ್ಟೆಕಿಚ್ಚು ಇತ್ತು, ಇಲ್ಲವೆನ್ನಲಾರೆ. 1820ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಹೆಗೆಲ್ ಪಾಠದ ಹೊತ್ತಿಗೇ ಶೋಪೆನ್‌ಹಾವರ್ ಹಟದಿಂದ ತನ್ನ ಪಾಠವನ್ನೂ ಇಟ್ಟುಕೊಂಡ. ಬಂದವರು ಬೆರಳೆಣಿಕೆಯಷ್ಟು. ಮುಂದೆ ಡೆನ್ಮಾರ್ಕಿನ ರಾಯಲ್ ಸೊಸೈಟಿಯ ಸ್ಪರ್ಧೆಗೆ ನೀತಿಯ ಮೂಲದ ಬಗ್ಗೆ ಪ್ರಬಂಧ ಕಳಿಸಿದ. ಕಣದಲ್ಲಿದ್ದದ್ದು ಅದೊಂದೇ. ಆದರೂ 1840ರಲ್ಲಿ ಬಹುಮಾನ ನಿರಾಕರಿಸಿದರು. ಹೆಸರಾಂತ ತತ್ತ್ವಜ್ಞಾನಿಗಳ ಬಗ್ಗೆ ಮರ್ಯಾದೆಗೆಟ್ಟು ಬರೆದದ್ದೂ ಒಂದು ಕಾರಣ. ಅವನು ಬಿಡುತ್ತಾನೆಯೇ? ಮರುವರ್ಷ ಅದನ್ನು ಅಚ್ಚು ಹಾಕಿಸಿ, ಮುನ್ನುಡಿಯಲ್ಲಿ ಹೆಗೆಲ್ ಜೊತೆ ಸೊಸೈಟಿಗೂ ಮಂಗಳಾರತಿ ಎತ್ತಿದ.

ಆದರೆ ಅದೇ ಮುನ್ನುಡಿಯಲ್ಲಿ ಒಂದು ಕಡೆ ಬೈಗುಳ ನಿಲ್ಲಿಸಿ ಹೆಗೆಲ್‌ನ ಪುಸ್ತಕ ಬಿಚ್ಚುತ್ತಾನೆ. ಸಮತೂಕದಲ್ಲಿ ನಿಲ್ಲಿಸಿದ ಕಬ್ಬಿಣದ ಸರಳಿಗೆ ಕಾಂತತ್ವ ಬಂದರೆ ಒಂದು ತುದಿ ಕೆಳಗೆ ಬಾಗುತ್ತದೆ, ಆದ್ದರಿಂದ ಆ ತುದಿಯ ಭಾರ ಹೆಚ್ಚಿತು ಎನ್ನುತ್ತಾನೆ ಹೆಗೆಲ್. ಭಾರವಾದದ್ದು ಬಾಗುತ್ತದೆ ನಿಜ, ಬಾಗಿದ್ದೆಲ್ಲ ಭಾರವಾದದ್ದೇ? ಹೆಬ್ಬಾತಿಗೆ ಎರಡು ಕಾಲು, ನಿನಗೂ ಎರಡು ಕಾಲು, ಹಾಗಾದರೆ ನೀನೂ ಹೆಬ್ಬಾತು ಎಂದಂತಾಯಿತು ಎಂದು ಶೋಪೆನ್‌ಹಾವರ್ ಅಲ್ಲಿ ಗೇಲಿ ಮಾಡುತ್ತಾನೆ. ಇಲ್ಲಿ ಹೆಗೆಲ್‌ಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. (ಇದರಿಂದ ಹೆಗೆಲ್‌ನ ಇಡೀ ದರ್ಶನ ಬಿದ್ದುಹೋಯಿತು ಎಂದು ಅವನು ತಿಳಿದದ್ದು ಅತಿಯಾಯಿತು. ಬಿದ್ದದ್ದು ಆ ಒಂದು ವಾದ ಮಾತ್ರ.)

ಗೌರವವಿದ್ದ ಕಡೆ ಅವನ ಕೈ ಇನ್ನೂ ಹದವಾಗಿ ಓಡುತ್ತದೆ. ತನ್ನ ಮುಖ್ಯ ಗ್ರಂಥದ ಕೊನೆಗೆ, ಹಿಂದಿನ ತಲೆಮಾರಿನ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ವಿಮರ್ಶೆಗೆಂದೇ ಉದ್ದನೆಯ ಅನುಬಂಧ ಬರೆದ. ಗುರುವೆಂದು ತಲೆಬಾಗಿಸಿಯೇ, ಕಾಂಟ್ ಪಟ್ಟಿ ಮಾಡಿದ ಹನ್ನೆರಡು ಮೂಲ ಪರಿಕಲ್ಪನೆಗಳಲ್ಲಿ ಹನ್ನೊಂದನ್ನು ಆಚೆ ಎಸೆದ, ಕಾರ್ಯಕಾರಣವೊಂದನ್ನೇ ಉಳಿಸಿಕೊಂಡ.

ನಮ್ಮಲ್ಲಿ ಪೂರ್ವಪಕ್ಷ, ಎಂದರೆ ಎದುರಾಳಿಯ ವಾದವನ್ನು ಮೊದಲು ತಾನೇ ಮಂಡಿಸುವ ಪದ್ಧತಿ ಇದೆಯಲ್ಲ, ಅದು ಹೀಗೆ ವ್ಯಕ್ತಿಯನ್ನು ಬಿಟ್ಟು ವಾದವನ್ನು ಹಿಡಿಯುವ ಕೆಲಸಕ್ಕೇ. ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ, ಮೊದಲ ಸೂತ್ರದಲ್ಲೇ ರಾಮಾನುಜರು ಅದ್ವೈತದ ವಾದವನ್ನು ವಿಸ್ತಾರವಾಗಿ ಮಂಡಿಸುತ್ತಾರೆ. ಆಮೇಲೆ ಖಂಡನೆಗೆ ಇಳಿದಾಗ ಮಾತು ಖಾರವೇ. ಆದರೆ ಆ ಖಾರ ಯಾವ ವಾದಕ್ಕೆ ತಗಲುತ್ತಿದೆ ಎಂಬುದು ಓದುವವನಿಗೆ ಗೊತ್ತಿರುತ್ತದೆ.

ಇನ್ನು ಯಾರನ್ನು ನಂಬೋದು ಎಂದಿರಿ. ಹೆಗೆಲ್ ಢೋಂಗಿ ಎಂಬುದಕ್ಕೆ ಶೋಪೆನ್‌ಹಾವರ್‌ನ ಸಾಕ್ಷಿ ನನಗಂತೂ ಸಾಲದು, ಹೆಗೆಲ್‌ನ ಗದ್ಯ ನನಗೂ ತಲೆನೋವೇ ಆದರೂ. ಕಾಂಟ್ ಮೇಲಿನ ಆ ಅನುಬಂಧವನ್ನು ಮಾತ್ರ ಬಿಡಬೇಡಿ. ಮೊದಲು ಕಾಂಟ್‌ನನ್ನು ಒಂದಿಷ್ಟು ಓದಿಕೊಳ್ಳಿ.

— ಸಂ.