ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕ್ರೈಸ್ಟ್ ಯೂನಿವರ್ಸಿಟಿ ಒಗ್ಗುತ್ತದೆಯೇ?

ಬೆಂಗಳೂರಿನ ಕ್ರೈಸ್ಟ್ ಹೊರದೇಶದ ಮಿಷನರಿಗಳು ಕಟ್ಟಿದ ಇಂಗ್ಲಿಷ್ ಸಂಸ್ಥೆಯಲ್ಲವೇ, ಕನ್ನಡ ಮಾಧ್ಯಮದವರಿಗೆ ಅಲ್ಲಿ ಒಗ್ಗುತ್ತದೆಯೇ, ಅಲ್ಲಿ ಕನ್ನಡ ಇದೆಯೇ, ಕ್ಯಾಂಪಸ್ ಜೀವನ ಹೇಗೆ, ಸರ್ಕಾರಿ ಕಾಲೇಜೇ ವಾಸಿಯೇ, ಎರಡನೇ ಭಾಷೆಯಾಗಿ ಕನ್ನಡ ಬಿಡಲೇ ಅಂತ ತಿಪಟೂರಿನಿಂದ ಕೇಳಿದ್ದೀರಿ. ಇದನ್ನೇ ಅರಸೀಕೆರೆಯ ನಾನು 2009ರಲ್ಲಿ ಯಾರನ್ನಾದರೂ ಕೇಳಬೇಕಿತ್ತು. ಮಿಷನರಿಗಳು ಕಟ್ಟಿದ ಸಂಸ್ಥೆ, ಎಲ್ಲಿ ನೋಡಿದರೂ ಇಂಗ್ಲಿಷು, ಕನ್ನಡದ ಮಕ್ಕಳಿಗೆ ಅಲ್ಲೇನು ಕೆಲಸ ಅನ್ನುವ ಅಳುಕು ನನಗೂ ಇತ್ತು. ಅದೇ ಅಳುಕಿನಲ್ಲಿ ಬಿ.ಕಾಂ. ಅಡ್ಮಿಷನ್ ಫಾರಂ ತುಂಬುವಾಗ ಎರಡನೇ ಭಾಷೆಯ ಜಾಗದಲ್ಲಿ ಕನ್ನಡ ಬಿಟ್ಟು ಅಡಿಷನಲ್ ಇಂಗ್ಲಿಷ್ ಅಂತ ಬರೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಯೋಚನೆಯಲ್ಲಿದ್ದೀರಿ ಅಂತ ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿದೆ. ಪಿಯುಸಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದಿದ್ದು ಕನ್ನಡದಲ್ಲೇ. ಎರಡೆರಡು ಇಂಗ್ಲಿಷ್ ಪೇಪರ್ ತಗೊಂಡರೆ ಇಂಗ್ಲಿಷು ಬೇಗ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ಬರಲಿಲ್ಲ. ಆ ಕ್ಲಾಸಿನಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರು ಕವಿತೆಗಳ ಬಗ್ಗೆ ಚರ್ಚೆ ಮಾಡುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಬಾಯಿ ಬಿಡದವನಿಗೆ ಭಾಷೆ ಹೇಗೆ ಬಂದೀತು? ಎರಡನೇ ಭಾಷೆ ನಮಗೆ ನಾಲ್ಕು ಸೆಮಿಸ್ಟರ್ ಇತ್ತು. ನಾಲ್ಕರಲ್ಲೂ ಪಾಸಿನ ಅಂಚಿನ ಅಂಕ. ಒಟ್ಟು ಅಂಕವನ್ನು ಮೇಲೆತ್ತಬೇಕಿದ್ದ ಪೇಪರೇ ಕೆಳಗೆಳೆಯಿತು. ಕೊನೆಯ ವರ್ಷ ನಾನು ಆಸೆಪಟ್ಟಿದ್ದ ಕಂಪನಿ ಶೇ 60 ಇಲ್ಲದವರನ್ನು ಇಂಟರ್‌ವ್ಯೂಗೇ ಕರೆಯಲಿಲ್ಲ. ಕೂದಲೆಳೆಯಲ್ಲಿ ತಪ್ಪಿತು. ಮೊದಲ ಸೆಮಿಸ್ಟರಿನಲ್ಲೇ ಹೋಗಿ ಭಾಷೆ ಬದಲಾಯಿಸಿಕೊಡಿ ಅಂತ ಕೇಳಬಹುದಿತ್ತು. ಕನ್ನಡ ಬೇಕು ಅಂತ ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಕೇಳಲಿಲ್ಲ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ಮಿಷನರಿಗಳು ಅಂದಕೂಡಲೇ ಹಡಗಿನಲ್ಲಿ ಬಂದಿಳಿದ ದೊರೆಗಳನ್ನು ಕಣ್ಣ ಮುಂದೆ ತಂದುಕೊಂಡಿದ್ದೀರಿ. ಕ್ರೈಸ್ಟ್ ಕಟ್ಟಿದ, ಸಿಎಂಐ (ಕಾರ್ಮಲೈಟ್ಸ್ ಆಫ್ ಮೇರಿ ಇಮ್ಯಾಕ್ಯುಲೇಟ್) ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಭೆ 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಹುಟ್ಟಿದ್ದು. ಅದರ ಸ್ಥಾಪಕರಲ್ಲಿ ಒಬ್ಬರಾದ ಚಾವರ ಕುರಿಯಾಕೋಸ್ ಏಲಿಯಾಸ್ ಅಲ್ಲಿ ಸಂಸ್ಕೃತ ಶಾಲೆ ತೆರೆದವರು, ಅಚ್ಚುಕೂಟ ಹಾಕಿದವರು, ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಬೇಕು ಅಂತ ಹಟ ಹಿಡಿದವರು. ಆ ಪರಂಪರೆಯವರೇ 1969ರಲ್ಲಿ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ಕಾಲೇಜು ಶುರು ಮಾಡಿದರು. 2004ರಲ್ಲಿ ಅದು ಸ್ವಾಯತ್ತವಾಯಿತು, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ತಾನೇ ಪದವಿ ಕೊಡಬಲ್ಲ ಸಂಸ್ಥೆ.

ಇನ್ನು ಅಲ್ಲಿ ಕನ್ನಡ ಇದೆಯೇ ಅನ್ನುವುದು. ಕಾಲೇಜು ಕಣ್ಣುಬಿಟ್ಟು ಮೂರೇ ವರ್ಷಕ್ಕೆ, 1972ರಲ್ಲಿ, ಅಲ್ಲಿ ಕನ್ನಡ ಸಂಘ ಹುಟ್ಟಿತು. ಅದನ್ನು ಬೆಳೆಸಿದವರು ಅಲ್ಲಿನ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು. ಒಂದು ಕಾಲೇಜಿನ ಕನ್ನಡ ಸಂಘ ನೂರಕ್ಕೂ ಹೆಚ್ಚು ಪುಸ್ತಕ ಪ್ರಕಟಿಸಿದೆ ಅಂದರೆ ಏನು ಸಾಮಾನ್ಯವೇ? ಹೆಸರೇ ಇಲ್ಲದ ಎಳೆಯರ ಕವಿತೆಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸಿದರು. ಬೇಂದ್ರೆಯವರ ಹೆಸರಿನ ಕವನ ಸ್ಪರ್ಧೆಗೆ, ಅ.ನ.ಕೃ. ಹೆಸರಿನ ಲೇಖನ ಸ್ಪರ್ಧೆಗೆ ರಾಜ್ಯದ ಬೇರೆ ಬೇರೆ ಊರಿನ ಕಾಲೇಜು ಹುಡುಗ ಹುಡುಗಿಯರು ಬರೆದು ಕಳಿಸುತ್ತಿದ್ದರು. ಆ ಸ್ಪರ್ಧೆಗಳ ಬಗ್ಗೆ ಅರಸೀಕೆರೆಯ ನಮ್ಮ ಪಿಯು ಮೇಷ್ಟ್ರಿಗೆ ಗೊತ್ತಿತ್ತು, ಅದೇ ಕ್ಯಾಂಪಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಗೊತ್ತಿರಲಿಲ್ಲ! ನಾನು ಸೇರುವ ಹೊತ್ತಿಗೆ ಶ್ರೀನಿವಾಸರಾಜು ತೀರಿಕೊಂಡಿದ್ದರು, 2007ರಲ್ಲಿ. ಆದರೂ ಸಂಘ ಇತ್ತು, ಪುಸ್ತಕಗಳಿದ್ದವು. ಕೊನೆಯ ವರ್ಷದಲ್ಲಿ ಗೆಳೆಯನೊಬ್ಬನ ಕೈಯಲ್ಲಿ ಸಂಘದ ಪ್ರಕಟಣೆಯೊಂದನ್ನು ಕಂಡು ಆ ಕಡೆ ಹೋದೆ. ಕನ್ನಡ ತಗೊಂಡಿದ್ದರೆ ಮೊದಲ ವಾರವೇ ಹೋಗಿರುತ್ತಿದ್ದೆ. ಅಂಕಕ್ಕಿಂತ ಇದೇ ನನಗೆ ಹೆಚ್ಚು ನೋವು.

ಕ್ಯಾಂಪಸ್ ಜೀವನದ ಬಗ್ಗೆಯೂ ಕೇಳಿದ್ದೀರಿ. ಬಿಗಿ ಇದೆ. ಗೇಟಿನಲ್ಲಿ ಐಡಿ ಕಾರ್ಡು, ಡ್ರೆಸ್ ಕೋಡು, ಶೇ 85 ಹಾಜರಿ. ಬೇರೆ ಕಡೆಯ ಶೇ 75ರ ಲೆಕ್ಕ ಇಟ್ಟುಕೊಂಡು ಹಬ್ಬಕ್ಕೆ, ಜಾತ್ರೆಗೆ ಅಂತ ಊರಿಗೆ ಹೋಗುತ್ತಿದ್ದರೆ ಪರೀಕ್ಷೆಗೇ ಕುತ್ತು. ಈ ಬಿಗಿಯನ್ನು ಬೈಯುವವರು ಬಹಳ, ನಾನು ಬೈಯುವುದಿಲ್ಲ. ದಿನಾ ಕ್ಲಾಸಿಗೆ ಹೋಗಲೇಬೇಕಾಗಿದ್ದರಿಂದ, ವಾರವಾರ ಎಲ್ಲರೆದುರು ನಿಂತು ಪ್ರೆಸೆಂಟೇಷನ್ ಕೊಡಲೇಬೇಕಾಗಿದ್ದರಿಂದ ಇಂಗ್ಲಿಷು ಬಂತು. ಅದು ಬಂದದ್ದು ಅಕೌಂಟ್ಸ್, ಮಾರ್ಕೆಟಿಂಗ್ ಕ್ಲಾಸುಗಳಲ್ಲಿ. ದರ್ಪಣ್, ಬ್ಲಾಸಮ್ಸ್ ತರಹದ ಸಾಂಸ್ಕೃತಿಕ ಸ್ಪರ್ಧೆಗಳಿಗೆ ಹೆಸರು ಕೊಡಿ. ಭಾಷಾ ಉತ್ಸವದ ದಿನ ಪಂಚೆ ಉಟ್ಟು ಹೋಗಿ. ಸಮಾಜಸೇವೆಯ ಘಟಕವಾದ ಸೆಂಟರ್ ಫಾರ್ ಸೋಷಿಯಲ್ ಆಕ್ಷನ್‌ಗೂ ಸೇರಿ, ಇಲ್ಲದಿದ್ದರೆ ನಿಮಗೆ ಪರಿಚಯವೇ ಆಗದಂಥ ಸಹಪಾಠಿಗಳು ಅಲ್ಲಿ ಸಿಗುತ್ತಾರೆ.

ಸರ್ಕಾರಿ ಕಾಲೇಜು ಒಳ್ಳೆಯದೋ ಇದು ಒಳ್ಳೆಯದೋ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಫೀಸು ದುಬಾರಿ. ಜಮೀನು ಅಡವಿಟ್ಟು ಬಿ.ಕಾಂ. ಓದಬೇಡಿ. ಮನೆಯಲ್ಲಿ ತಡೆದುಕೊಳ್ಳುವ ಶಕ್ತಿ ಇದ್ದರೆ, ಇಂಗ್ಲಿಷಿಗೆ ಹೆದರಿ ಸೀಟು ಬಿಡಬೇಡಿ. ಉಳಿಯಲು ಪಿಜಿ (ಪೇಯಿಂಗ್ ಗೆಸ್ಟ್) ಮನೆಯನ್ನು ಕ್ಯಾಂಪಸ್ಸಿನ ಪಕ್ಕದ ಸುದ್ದಗುಂಟೆಪಾಳ್ಯದಲ್ಲೇ ನೋಡಿ, ನಡೆದು ಹೋಗಬಹುದು. ಮುಂಗಡ ಕೊಡುವ ಮೊದಲು ನೀರು ಬರುತ್ತದೆಯೇ ವಿಚಾರಿಸಿ. ಫಾರಂನಲ್ಲಿ ಎರಡನೇ ಭಾಷೆ ಅಂತ ಇರುವ ಕಡೆ ಕನ್ನಡ ಅಂತಲೇ ಬರೆಯಿರಿ. ಕ್ಲಾಸು ಶುರುವಾದ ಮೊದಲ ದಿನವೇ ಕನ್ನಡ ವಿಭಾಗಕ್ಕೆ ಹೋಗಿ, ಸಂಘದ ಪುಸ್ತಕಗಳು ಎಲ್ಲಿ ಸಿಗುತ್ತವೆ ಅಂತ ಕೇಳಿ.