ಮೌಲ್ಯ ನಮ್ಮದೇ ಎಂದು ತಿಳಿಯುವುದು ಹೇಗೆ?

ಮನೆಯವರು ಕಲಿಸಿದ ಸರಿ-ತಪ್ಪುಗಳನ್ನು ಇಷ್ಟು ಕಾಲ ಪಾಲಿಸುತ್ತ ಬಂದಿರುವ ನೀವು, ಅವು ನಿಜಕ್ಕೂ ನಿಮ್ಮ ಮೌಲ್ಯಗಳೋ ಅಥವಾ ಬರೀ ಭಯವೋ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ಇನ್ನೊಬ್ಬರಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವ ಮೌಲ್ಯವೂ ಪರಕೀಯವಾಗುವುದಿಲ್ಲ. ಆಡುವ ಭಾಷೆಯನ್ನೂ ನಾವು ಹಾಗೆಯೇ ಇನ್ನೊಬ್ಬರಿಂದ ಪಡೆದಿದ್ದೇವೆ. ಇಂದು ಆ ಮೌಲ್ಯವನ್ನು ಯಾವ ಕಾರಣಕ್ಕೆ ಉಳಿಸಿಕೊಂಡಿದ್ದೀರಿ ಎಂಬುದನ್ನು ಪರಿಶೀಲಿಸುವುದು ಹೆಚ್ಚು ಉಪಯುಕ್ತ.

ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಅವರು ಜನರು ‘ಸರಿ’ ಎಂದರೋ ‘ತಪ್ಪು’ ಎಂದರೋ ಎಂಬುದಕ್ಕಿಂತ ಅದಕ್ಕೆ ಕೊಟ್ಟ ಕಾರಣಗಳಿಗೆ ಮಹತ್ವ ನೀಡಿ, ಶಿಕ್ಷೆಯ ಭಯದಿಂದ ಮೊದಲ್ಗೊಂಡು ತತ್ತ್ವನಿಷ್ಠೆಯವರೆಗೆ ನೈತಿಕ ಚಿಂತನೆಯ 6 ಹಂತಗಳನ್ನು ಗುರುತಿಸಿದರು. ಈ ವರ್ಗೀಕರಣವು ನ್ಯಾಯಕ್ಕೇ ಹೆಚ್ಚು ಮಣೆ ಹಾಕಿ, ಸಂಬಂಧ ಮತ್ತು ಕಾಳಜಿಯನ್ನು ಕಡೆಗಣಿಸಿದೆ ಎಂದು 1982ರಲ್ಲಿ ಮನೋವಿಜ್ಞಾನಿ ಕ್ಯಾರೊಲ್ ಗಿಲಿಗನ್ ಆಕ್ಷೇಪಿಸಿದರು. ಆ ಆಕ್ಷೇಪ ನನಗೆ ಸರಿಯೆಂದೇ ತೋರುತ್ತದೆ.

ಸಹೋದ್ಯೋಗಿಯೊಬ್ಬರು ತಮ್ಮ ಬದಲು ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಂತೆ ಕೇಳಿಕೊಂಡರು ಎಂದಿಟ್ಟುಕೊಳ್ಳಿ. ಮೇಲಧಿಕಾರಿಗೆ ಗೊತ್ತಾಗುವ ಸಂಭವವೇ ಇಲ್ಲವೆಂದು ಖಾತ್ರಿಯಾದ ಮೇಲೂ ಪೆನ್ನು ಹಿಡಿದ ಕೈ ಹಿಂಜರಿದರೆ, ಅಲ್ಲಿ ಸಿಕ್ಕಿಬೀಳುವ ಭಯವನ್ನು ಮೀರಿದ್ದೇನೋ ಇದೆ. ಆದರೂ ಅದು ಬರೀ ರೂಢಿಯಾಗಿರಬಹುದು. ಆದ್ದರಿಂದ, ಸಮಯಕ್ಕೆ ಸರಿಯಾಗಿ ಬಂದ ಉಳಿದವರಿಗೆ ಈ ಸಹಿಯಿಂದ ಅನ್ಯಾಯವಾಗುವುದೇ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳಬೇಕಾಗಿ ಆ ಸಹೋದ್ಯೋಗಿಗೆ ತಡವಾಗಿದ್ದರೆ ಸುಳ್ಳು ಸಹಿ ಹಾಕದೆಯೂ ಅವರ ಪರವಾಗಿ ಮಾತನಾಡಲು ಸಾಧ್ಯವೇ ಎಂದು ಕೇಳಿಕೊಂಡು, ಉತ್ತರವನ್ನು ಕಾರಣಸಹಿತ ಬರೆದಿಡಿ. ಕಾರಣ ಸಿಗದ ನಿಯಮಗಳನ್ನು ಕೂಡಲೇ ಕೈಬಿಡಬೇಕಿಲ್ಲ. ಅವುಗಳ ಹೆಸರಿನಲ್ಲಿ ಇನ್ನೊಬ್ಬರನ್ನು ತಪ್ಪಿತಸ್ಥರೆಂದು ತೀರ್ಮಾನಿಸುವುದನ್ನಂತೂ ಕಾರಣ ಸಿಗುವವರೆಗೆ ತಡೆಹಿಡಿಯಿರಿ.