ಬರೆದವನು ಒಬ್ಬ, ಮನೆಮನೆಗೆ ಮುಟ್ಟಿಸಿದವರು ಯಾರು?

ದೊಡ್ಡ ತಂತ್ರಜ್ಞಾನ ಕಂಪನಿಗಳನ್ನು ಹೊಣೆಗಾರರನ್ನಾಗಿ ಮಾಡುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕೆಲವರು ಸಿಟ್ಟಿನಿಂದ ಬರೆದಿದ್ದೀರಿ, ಒಬ್ಬ ತಾಯಿ ಹೆದರಿ ಬರೆದಿದ್ದಾರೆ. ಅವರ ಪ್ರಶ್ನೆ ಕೊನೆಯಲ್ಲಿದೆ. ಅಂಥದೇ ಸಂಕಟದಲ್ಲಿರುವವರು ಮೊದಲು ಅದನ್ನೇ ಓದಿ.

ಪ್ರಶ್ನೆ: ಪೋಸ್ಟ್ ಬರೆದವನು ಯಾರೋ. ಅದಕ್ಕೆ ಕಂಪನಿಯನ್ನು ಹಿಡಿಯುವುದೆಂದರೆ, ಪತ್ರದಲ್ಲಿದ್ದ ಬೈಗುಳಕ್ಕೆ ಅಂಚೆಯವನಿಗೆ ಶಿಕ್ಷೆ ಕೊಟ್ಟಂತಾಗುವುದಿಲ್ಲವೇ?

ನಿಮ್ಮ ಹೋಲಿಕೆ 1990ರ ದಶಕಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಅಮೆರಿಕದ ಕಾನೂನು ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ತರ್ಕದಿಂದ. ಕಂಪ್ಯುಸರ್ವ್ ಎಂಬ ಆನ್‌ಲೈನ್ ಸೇವೆಯ ಮೇಲೆ ಮಾನನಷ್ಟದ ದಾವೆ ಬಿದ್ದಿತ್ತು. ಅದು ಯಾವುದನ್ನೂ ಓದಿ ಆರಿಸುವುದಿಲ್ಲ, ಪುಸ್ತಕದಂಗಡಿ ಇದ್ದ ಹಾಗೆ ಎಂದು ಹೇಳಿ 1991ರಲ್ಲಿ ಕೋರ್ಟ್ ಅದನ್ನು ಬಿಟ್ಟಿತು. 1995ರಲ್ಲಿ ಪ್ರಾಡಿಜಿ ಎಂಬ ಇನ್ನೊಂದು ಸೇವೆ ಸಿಕ್ಕಿಬಿತ್ತು. ಅದು ಅಸಭ್ಯ ಬರಹಗಳನ್ನು ಅಳಿಸುತ್ತಿತ್ತು. ಅಳಿಸುವವನು ಸಂಪಾದಕನೇ, ಹಾಗಾಗಿ ಉಳಿದದ್ದಕ್ಕೂ ಅವನೇ ಹೊಣೆ ಎಂದಿತು ಕೋರ್ಟ್. ಅಂದರೆ ಕಸ ಗುಡಿಸಿದವನಿಗೆ ದಂಡ, ಗುಡಿಸದವನಿಗೆ ಬಿಡುಗಡೆ! ಈ ವಿಪರೀತವನ್ನು ಸರಿಪಡಿಸಲು 1996ರಲ್ಲಿ ಬಂದದ್ದು ಸೆಕ್ಷನ್ 230. ಬಳಕೆದಾರರು ಬರೆದದ್ದಕ್ಕೆ ವೇದಿಕೆ ಹೊಣೆಯಲ್ಲ, ಸದುದ್ದೇಶದಿಂದ ಅಳಿಸಿದರೂ ಹೊಣೆ ಬರುವುದಿಲ್ಲ ಎಂಬುದು ಅದರ ತಿರುಳು.

ಆಗ ಇಂದಿನಂಥ ಫೀಡ್, ಅಂದರೆ ಕಂಪನಿಯೇ ಆರಿಸಿ ನಮ್ಮ ಮುಂದಿಡುವ ಪೋಸ್ಟ್‌ಗಳ ಸಾಲು, ಇರಲಿಲ್ಲ ಎಂಬುದನ್ನು ನೆನಪಿಡಿ. ಅಂಚೆಯವನು ವಿಳಾಸ ನೋಡಿ ಪತ್ರ ಕೊಟ್ಟು ಹೋಗುತ್ತಾನೆ. ಚೀಲದಲ್ಲಿರುವ ಪತ್ರಗಳನ್ನೆಲ್ಲ ಒಡೆದು, ಯಾವುದು ಓದಿದರೆ ಜನ ಕೆರಳುತ್ತಾರೋ ಅದನ್ನೇ ಆರಿಸಿ, ಲಕ್ಷ ಪ್ರತಿ ಮಾಡಿ, ಕೇಳದವರ ಮನೆಗೂ ಹಾಕಿ, ಪ್ರತಿಯೊಂದಕ್ಕೂ ಒಂದು ಜಾಹೀರಾತು ಅಂಟಿಸಿ ದುಡ್ಡು ಮಾಡುವುದಿಲ್ಲ.

ಉತ್ಪ್ರೇಕ್ಷೆ ಅನ್ನಿಸಿದರೆ ಫೇಸ್‌ಬುಕ್‌ನ ಒಂದು ಸಣ್ಣ ಲೆಕ್ಕವನ್ನು ಹತ್ತಿರದಿಂದ ನೋಡಿ. 2017ರಲ್ಲಿ ಅದು ಯಾವ ಪೋಸ್ಟನ್ನು ಮೇಲೆ ತೋರಿಸಬೇಕೆಂದು ತೀರ್ಮಾನಿಸುವಾಗ ಒಂದು ಎಮೋಜಿಗೆ ಐದು ಲೈಕ್‌ಗಳ ತೂಕ ಕೊಡಲು ಶುರುಮಾಡಿತು. ಕೆಂಪಡರಿದ ಸಿಟ್ಟಿನ ಮುಖಕ್ಕೂ ಅಷ್ಟೇ ತೂಕ. ನೀವು ಒಂದು ಪೋಸ್ಟ್ ಓದಿ ರೇಗಿ ಆ ಮುಖವನ್ನು ಒತ್ತಿದಿರಿ ಎನ್ನಿ. ‘ಇದು ಬೇಡ’ ಎಂಬುದು ನಿಮ್ಮ ಮನಸ್ಸಿನಲ್ಲಿದ್ದ ಮಾತು. ‘ಇದನ್ನು ಐದು ಪಟ್ಟು ಮೇಲೆತ್ತು’ ಎಂದು ಯಂತ್ರ ಕೇಳಿಸಿಕೊಂಡಿತು. ಸಿಟ್ಟಿನ ಮುಖ ಹೆಚ್ಚು ಬೀಳುವ ಪೋಸ್ಟ್‌ಗಳಲ್ಲಿ ಸುಳ್ಳು ಮತ್ತು ವಿಷದ ಪ್ರಮಾಣ ಹೆಚ್ಚು ಎಂದು 2019ರಲ್ಲಿ ಕಂಪನಿಯ ತಜ್ಞರೇ ಖಚಿತಪಡಿಸಿದರು. ಆ ತೂಕ ಸೊನ್ನೆಗಿಳಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ನಮಗೆ ಇದು ಗೊತ್ತಾದದ್ದು ಅದರ ಮರುವರ್ಷ, ಫ್ರಾನ್ಸಿಸ್ ಹೌಗೆನ್ ಎಂಬ ಮಾಜಿ ಉದ್ಯೋಗಿ ಒಳಗಿನ ಕಾಗದಪತ್ರಗಳನ್ನು ಹೊರತಂದ ಮೇಲೆ. ಅದಕ್ಕೂ ಮುಂಚೆ, 2016ರಲ್ಲೇ, ಅದೇ ಕಂಪನಿಯೊಳಗಿನ ಒಂದು ವರದಿ ತೀವ್ರವಾದಿ ಗುಂಪುಗಳಿಗೆ ಆಗುವ ಸೇರ್ಪಡೆಗಳಲ್ಲಿ ಶೇ 64ರಷ್ಟು ಕಂಪನಿಯದೇ ಶಿಫಾರಸಿನಿಂದ ಆಗುತ್ತಿವೆ ಎಂದು ಹೇಳಿತ್ತು.

ನ್ಯಾಯಾಲಯಗಳೂ ನಿಧಾನವಾಗಿ ಈ ವ್ಯತ್ಯಾಸ ಗುರುತಿಸುತ್ತಿವೆ. ಅಮೆರಿಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಟಿಕ್‌ಟಾಕ್ ಅವಳ ಮುಂದೆ ತಂದಿಟ್ಟ ಅಪಾಯಕಾರಿ ‘ಸವಾಲಿ’ನ ವಿಡಿಯೊ ಅನುಕರಿಸಿ ತೀರಿಕೊಂಡಳು. 2024ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ, ಅಲ್ಗಾರಿದಮ್ (ಯಾರಿಗೆ ಏನು ತೋರಿಸಬೇಕೆಂದು ಆರಿಸುವ ಕಂಪ್ಯೂಟರ್ ಸೂತ್ರ) ಮಾಡಿದ ಶಿಫಾರಸು ಟಿಕ್‌ಟಾಕ್‌ನ ಸ್ವಂತ ಮಾತು, ಅದಕ್ಕೆ ಸೆಕ್ಷನ್ 230ರ ರಕ್ಷಣೆ ಇಲ್ಲ ಎಂದಿತು. ಎಲ್ಲ ಕೋರ್ಟ್‌ಗಳೂ ಇದನ್ನು ಒಪ್ಪಿಲ್ಲ. ನಾನಂತೂ ಪೂರ್ತಿ ಒಪ್ಪುತ್ತೇನೆ. ಯಾರೋ ಬರೆದದ್ದನ್ನು ಇಟ್ಟುಕೊಂಡಿದ್ದಕ್ಕೆ ರಕ್ಷಣೆ ಇರಲಿ. ತಾನೇ ಎತ್ತಿ ತಳ್ಳಿದ್ದಕ್ಕೆ ಕಂಪನಿ ಉತ್ತರ ಕೊಡಬೇಕು.

ಪ್ರಶ್ನೆ: ನಮ್ಮ ಭಾಷೆಯಲ್ಲಿರುವ ಬೆದರಿಕೆ ಪೋಸ್ಟ್ ಒಂದನ್ನು ರಿಪೋರ್ಟ್ ಮಾಡಿದೆ. ‘ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ’ ಎಂದು ಉತ್ತರ ಬಂತು. ಅದನ್ನು ಯಾರಾದರೂ ಓದಿದ್ದರೇ?

ಓದದೇ ಇದ್ದಿರಬಹುದು. ಭಾಷೆ ಬಾರದವರು ಓದಿದ್ದರೂ ಓದದಂತೆಯೇ. ಅದರ ಪರಿಣಾಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ಸಾಕ್ಷಿ. ಅಲ್ಲಿ ಬಹುಪಾಲು ಜನರಿಗೆ ಇಂಟರ್‌ನೆಟ್ ಎಂದರೇ ಫೇಸ್‌ಬುಕ್. 2015ರ ಆರಂಭದಲ್ಲಿ ದೂರು ಬಂದ ಪೋಸ್ಟ್‌ಗಳನ್ನು ನೋಡಲು ಕಂಪನಿಯಲ್ಲಿ ಬರ್ಮೀಸ್ ಬಲ್ಲವರು ಇಬ್ಬರೇ ಇದ್ದರು ಎಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ಅದೇ ವರದಿಯಲ್ಲಿದ್ದ ಒಂದು ಉದಾಹರಣೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ರೊಹಿಂಗ್ಯಾಗಳನ್ನು ಕಂಡಲ್ಲಿ ಕೊಲ್ಲಿ, ಒಬ್ಬರೂ ಜೀವಂತ ಉಳಿಯಬಾರದು ಎಂಬ ಅರ್ಥದ ಬರ್ಮೀಸ್ ಪೋಸ್ಟನ್ನು ಫೇಸ್‌ಬುಕ್‌ನ ಅನುವಾದ ಯಂತ್ರ ಇಂಗ್ಲಿಷಿಗೆ ತಂದದ್ದು ಹೀಗೆ: ‘ಮ್ಯಾನ್ಮಾರ್‌ನಲ್ಲಿ ನನಗೆ ಕಾಮನಬಿಲ್ಲು ಇರಬಾರದು.’ ಇಂಗ್ಲಿಷ್ ಮಾತ್ರ ಬಲ್ಲ ಪರಿಶೀಲಕನ ಕಣ್ಣಿಗೆ ಅಲ್ಲಿ ಕೊಲೆಯ ಕರೆ ಕಾಣುವುದಾದರೂ ಹೇಗೆ?

2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ದೇಶ ಬಿಟ್ಟು ಓಡಿದರು. ದ್ವೇಷ ಹರಡುವವರ ಕೈಯಲ್ಲಿ ಫೇಸ್‌ಬುಕ್ ಸಾಧನವಾಯಿತೆಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಹೇಳಿತು. ತಾನು ಮಾಡಿದ್ದು ಸಾಲದು ಎಂದು 2018ರ ನವೆಂಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಊರುಗಳು ಸುಟ್ಟುಹೋಗಿದ್ದವು.

ಆದ್ದರಿಂದ ಒಂದು ಭಾಷೆಯಲ್ಲಿ ಜಾಹೀರಾತು ಮಾರಿ ದುಡಿಯುವ ಕಂಪನಿ ಆ ಭಾಷೆ ಬಲ್ಲವರನ್ನು ಪರಿಶೀಲನೆಗೆ ಇಟ್ಟಿರಲೇಬೇಕು, ಎಷ್ಟು ಮಂದಿ ಎಂದು ಪ್ರಕಟಿಸಲೂಬೇಕು. ಇದು ಆಗದ ಮಾತೇನಲ್ಲ. ಯುರೋಪ್ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಪ್ರಕಾರ ದೊಡ್ಡ ವೇದಿಕೆಗಳು ಒಕ್ಕೂಟದ ಒಂದೊಂದು ಅಧಿಕೃತ ಭಾಷೆಗೂ ಎಷ್ಟು ಪರಿಶೀಲಕರಿದ್ದಾರೆ ಎಂದು ಲೆಕ್ಕ ಕೊಡಬೇಕು. ಅಲ್ಲಿ ಕೊಡುವ ಲೆಕ್ಕವನ್ನು ಬೇರೆ ಭಾಷೆಗಳಿಗೂ ಕೊಡಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಪ್ರಶ್ನೆ: ನನ್ನ ಮತ ಯಾರಿಗೆಂದು ನನಗೆ ಗೊತ್ತು. ಒಂದು ಆ್ಯಪ್ ಬಂದು ಅದನ್ನು ಬದಲಿಸುತ್ತದೆ ಎನ್ನುವುದನ್ನು ನಂಬಬೇಕೇ?

ಅರ್ಧ ನಂಬಿ. 2018ರಲ್ಲಿ ಬಯಲಾದ, ಕೇಂಬ್ರಿಜ್ ಅನಾಲಿಟಿಕಾ ಎಂಬ ಚುನಾವಣಾ ಸಲಹಾ ಸಂಸ್ಥೆಯ ಹಗರಣದಲ್ಲಿ 8.7 ಕೋಟಿವರೆಗೆ ಫೇಸ್‌ಬುಕ್ ಬಳಕೆದಾರರ ಮಾಹಿತಿ ಅವರಿಗೆ ಗೊತ್ತಿಲ್ಲದೆ ಕೈಬದಲಾಗಿತ್ತು. ಮನಸ್ಸನ್ನೇ ತಿರುಗಿಸುವ ಮಂತ್ರ ತಮ್ಮಲ್ಲಿದೆ ಎಂದು ಆ ಸಂಸ್ಥೆ ಕೊಚ್ಚಿಕೊಂಡದ್ದಕ್ಕೆ ಮಾತ್ರ ಗಟ್ಟಿ ಪುರಾವೆ ಸಿಕ್ಕಿಲ್ಲ. ಗಟ್ಟಿ ಅಭಿಪ್ರಾಯ ಇರುವವರನ್ನು ಒಂದು ಜಾಹೀರಾತು ಅಲ್ಲಾಡಿಸುವುದು ಕಷ್ಟ.

ಆದರೆ ಚುನಾವಣೆಯಲ್ಲಿ ಯಾರು ಮತಗಟ್ಟೆಗೆ ಹೋಗುತ್ತಾರೆ, ಯಾರು ಮನೆಯಲ್ಲಿ ಉಳಿಯುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2010ರ ನವೆಂಬರ್ 2ರಂದು, ಅಮೆರಿಕದ ಸಂಸತ್ ಚುನಾವಣೆಯ ದಿನ, ಫೇಸ್‌ಬುಕ್ ಸುಮಾರು 6 ಕೋಟಿ ಜನರಿಗೆ ‘ಇಂದು ಮತದಾನ’ ಎಂಬ ಸಂದೇಶ ತೋರಿಸಿತು, ಜೊತೆಗೆ ಮತ ಹಾಕಿದ ಗೆಳೆಯರ ಪುಟ್ಟ ಫೋಟೊಗಳು. ಇನ್ನೊಂದು ಚಿಕ್ಕ ಗುಂಪಿಗೆ ಫೋಟೊ ಇಲ್ಲದೆ ಬರೀ ಸಂದೇಶ. ಬರೀ ಸಂದೇಶದಿಂದ ಮತದಾನದಲ್ಲಿ ಬದಲಾವಣೆ ಕಾಣಲಿಲ್ಲ. ಫೋಟೊಗಳು ಕೆಲಸ ಮಾಡಿದವು. ನೇರವಾಗಿ ಮತ್ತು ಗೆಳೆಯರ ಮೂಲಕ ಸೇರಿ ಸುಮಾರು 3.4 ಲಕ್ಷ ಹೆಚ್ಚುವರಿ ಮತ ಬಿದ್ದವೆಂದು 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಉದ್ದೇಶ ಒಳ್ಳೆಯದೇ, ಎಲ್ಲ ಪಕ್ಷದವರಿಗೂ ತೋರಿಸಿದ್ದರು. ಅದೇ ಫೋಟೊಗಳನ್ನು ಒಂದು ಪಕ್ಷದ ಬೆಂಬಲಿಗರಿಗೆ ಮಾತ್ರ ತೋರಿಸಿದ್ದರೆ? ಹೊರಗಿನ ಯಾರಿಗೂ ಪತ್ತೆಯಾಗುತ್ತಿರಲಿಲ್ಲ. ನನಗೆ ದಿಗಿಲಾಗುವುದು ಇದಕ್ಕೇ.

ಜಾಹೀರಾತಿಗೆ ಕಡಿವಾಣ ಹಾಕಿದರೆ ಸಾಕೆಂದು ಭಾವಿಸುವವರಿಗೂ ಒಂದು ಮಾತು. 2015ರಿಂದ 2017ರವರೆಗೆ ನಕಲಿ ಖಾತೆಗಳಿಂದ ಅಮೆರಿಕದ ರಾಜಕೀಯದಲ್ಲಿ ಕೈಯಾಡಿಸುತ್ತಿದ್ದ ರಷ್ಯಾದ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ ಫೇಸ್‌ಬುಕ್ ಜಾಹೀರಾತಿಗೆ ಸುರಿದದ್ದು ಸುಮಾರು ಒಂದು ಲಕ್ಷ ಡಾಲರ್ ಮಾತ್ರ. ಅದರ ಪೋಸ್ಟ್‌ಗಳು 12.6 ಕೋಟಿ ಅಮೆರಿಕನ್ನರ ಕಣ್ಣಿಗೆ ಬಿದ್ದಿರಬಹುದೆಂದು ಕಂಪನಿಯೇ ಹೇಳಿತು. ಬಹುಪಾಲು ದೂರ ಕ್ರಮಿಸಿದ್ದು ದುಡ್ಡಿನ ಬಲದಿಂದಲ್ಲ, ಜನರ ಶೇರ್ ಮತ್ತು ಫೀಡಿನ ಬಲದಿಂದ. ರೊಮೇನಿಯಾದಲ್ಲಿ ಸಮೀಕ್ಷೆಗಳಲ್ಲಿ ಹಿಂದಿದ್ದ ಅಭ್ಯರ್ಥಿಯೊಬ್ಬರು ಟಿಕ್‌ಟಾಕ್‌ನಲ್ಲಿ ದಿಢೀರನೆ ಮೇಲೆ ಬಂದು 2024ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದೆ ನಿಂತರು. ಪ್ರಚಾರಕ್ಕೆ ತಾವು ಖರ್ಚೇ ಮಾಡಿಲ್ಲವೆಂದು ಅವರು ಘೋಷಿಸಿದ್ದರು. ಡಿಸೆಂಬರ್ 6ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಚುನಾವಣೆಯನ್ನೇ ರದ್ದುಮಾಡಿತು. ಅಡುಗೆ ಸೀದ ಮೇಲೆ ಒಲೆ ಆರಿಸಿದಂತಾಯಿತು ಅದು. ಲಕ್ಷಾಂತರ ಜನ ಹಾಕಿದ ಮತ ಕಸದ ಬುಟ್ಟಿಗೆ ಹೋಯಿತು.

ಪ್ರಶ್ನೆ: ಸಾವಿರಾರು ಕೋಟಿ ದಂಡ ಹಾಕಿದರೂ ಕಂಪನಿಗಳಿಗೆ ಬಿಸಿ ತಟ್ಟುವುದಿಲ್ಲವಲ್ಲ? ಹಾಗೆಂದು ಅಳಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಟೀಕಾಕಾರರ ಬಾಯಿ ಮುಚ್ಚಿಸುವುದಿಲ್ಲವೇ?

ಎರಡೂ ಆತಂಕ ನಿಜ. 2019ರಲ್ಲಿ ಅಮೆರಿಕದ ಎಫ್‌ಟಿಸಿ, ಅಂದರೆ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗ, ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಆ ವರ್ಷ ಕಂಪನಿಯ ಆದಾಯ ಸುಮಾರು 7,070 ಕೋಟಿ ಡಾಲರ್. ಅಂದರೆ 26 ದಿನದ ಗಳಿಕೆ. ದಂಡದ ಸುದ್ದಿ ಹೊರಬಿದ್ದ ದಿನ ಷೇರಿನ ಬೆಲೆ ಏರಿತು! ಈಗಿನ ಕಾನೂನುಗಳು ದಂಡವನ್ನು ವಹಿವಾಟಿಗೇ ಕಟ್ಟಿಹಾಕಿವೆ. ಯುರೋಪಿನಲ್ಲಿ ಜಾಗತಿಕ ವಹಿವಾಟಿನ ಶೇ 6ರವರೆಗೆ, ಬ್ರಿಟನ್ನಿನ 2023ರ ಆನ್‌ಲೈನ್ ಸೇಫ್ಟಿ ಆ್ಯಕ್ಟ್‌ನಲ್ಲಿ ಶೇ 10ರವರೆಗೆ. ಬ್ರಿಟನ್ನಿನಲ್ಲಿ ಕೆಲವು ತಪ್ಪುಗಳಿಗೆ ಹಿರಿಯ ಅಧಿಕಾರಿಗಳ ಮೇಲೆ ವೈಯಕ್ತಿಕವಾಗಿ ಕ್ರಿಮಿನಲ್ ಕೇಸ್ ಹಾಕಲೂ ಅವಕಾಶವಿದೆ. ದಂಡಕ್ಕಿಂತ ಇದು ಹೆಚ್ಚು ನಾಟುತ್ತದೆ ಎಂಬುದು ನನ್ನ ಅನಿಸಿಕೆ.

ಎರಡನೆಯ ಆತಂಕಕ್ಕೆ ಬಂದರೆ, ‘ಈ ಪೋಸ್ಟ್ ತೆಗೆ’ ಎನ್ನುವ ಅಧಿಕಾರ ಅಧಿಕಾರಸ್ಥರ ಕೈಗೆ ಹೋಗುವುದನ್ನು ನಾನೂ ವಿರೋಧಿಸುತ್ತೇನೆ. ಅದರ ಅಗತ್ಯವೂ ಅಷ್ಟಿಲ್ಲ. ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ಏನು ಮಾಡಿತು ನೋಡಿ. ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದು ಮಿತಿ ಹಾಕಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತೆಂದು ಕಂಪನಿ ತಿಳಿಸಿತು. ಒಂದೇ ಒಂದು ಸಂದೇಶವನ್ನೂ ಅಳಿಸಲಿಲ್ಲ, ಯಾರದ್ದೂ ಓದಲಿಲ್ಲ. ಕಾನೂನು ಬಯಸಬೇಕಾದದ್ದು ಇಂಥ ವಿನ್ಯಾಸದ ಬದಲಾವಣೆಯನ್ನು.

ಇದರ ಜೊತೆಗೆ ಒಳಗೇನು ನಡೆಯುತ್ತಿದೆಯೆಂದು ಹೊರಗಿನವರು ನೋಡುವಂತಾಗಬೇಕು. ಫೇಸ್‌ಬುಕ್‌ನಲ್ಲಿ ಏನು ಹರಡುತ್ತಿದೆ ಎಂದು ಪತ್ರಕರ್ತರು, ಸಂಶೋಧಕರು ಗಮನಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಲಕರಣೆಯನ್ನು ಅದರ ಮಾತೃಸಂಸ್ಥೆ ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿಬಿಟ್ಟಿತು. ಯುರೋಪಿನ ಕಾನೂನು ಸಂಶೋಧಕರಿಗೆ ದತ್ತಾಂಶ ಕೊಡಬೇಕು, ಜಾಹೀರಾತುಗಳ ಪೂರ್ತಿ ಪಟ್ಟಿ ತೆರೆದಿಡಬೇಕು ಎನ್ನುತ್ತದೆ. 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ (ಹಿಂದಿನ ಟ್ವಿಟರ್) ಬಿದ್ದ 12 ಕೋಟಿ ಯೂರೊ ದಂಡ ಇವೆರಡರ ಲೋಪಕ್ಕೆ, ಜೊತೆಗೆ ದುಡ್ಡು ಕೊಟ್ಟವರಿಗೆಲ್ಲ ನೀಲಿ ಟಿಕ್ ಕೊಟ್ಟು ಜನರ ದಾರಿ ತಪ್ಪಿಸಿದ್ದಕ್ಕೆ. ಯಾವುದೋ ಪೋಸ್ಟ್ ಅಳಿಸಲಿಲ್ಲವೆಂದು ಹಾಕಿದ ದಂಡವಲ್ಲ ಅದು.

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಅವಳ ಮುಖ ಬಳಸಿ ಯಾರೋ ಅಶ್ಲೀಲ ನಕಲಿ ಚಿತ್ರ ಮಾಡಿ ಹರಿಬಿಟ್ಟಿದ್ದಾರೆ. ಕಾನೂನು ಬದಲಾಗುವವರೆಗೆ ಕಾಯಲು ನನ್ನಿಂದಾಗದು. ಈಗಲೇ ಏನು ಮಾಡಲಿ?

ಅಮ್ಮಾ, ಇಂದೇ ಮಾಡಬಹುದಾದ ಕೆಲಸಗಳಿವೆ. ಮೊದಲು ಚಿತ್ರ ಇರುವ ಪ್ರತಿ ಪುಟದ ಲಿಂಕ್, ಹಾಕಿದವರ ಖಾತೆಯ ಹೆಸರು, ದಿನಾಂಕ, ಸಮಯ ಬರೆದಿಡಿ, ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಮೊದಲೇ ಅಳಿಸಲು ಹೋದರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಆಮೇಲೆ ವೇದಿಕೆಗೆ ರಿಪೋರ್ಟ್ ಮಾಡುವಾಗ ‘ಕಿರುಕುಳ’ ಎಂಬ ಸಾಮಾನ್ಯ ಆಯ್ಕೆ ಬೇಡ. ಒಪ್ಪಿಗೆಯಿಲ್ಲದ ಖಾಸಗಿ ಅಥವಾ ನಗ್ನ ಚಿತ್ರ ಎಂಬ ಆಯ್ಕೆಯನ್ನೇ ಒತ್ತಿ. ಎರಡೂ ಬೇರೆ ಬೇರೆ ಸಾಲಿಗೆ ಹೋಗುತ್ತವೆ. ದೂರಿನ ಸಂಖ್ಯೆ ಇಟ್ಟುಕೊಳ್ಳಿ.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟನ್ನಿನ ಸೇವಾಸಂಸ್ಥೆಯೊಂದು ನಡೆಸುವ ‘ಸ್ಟಾಪ್‌ಎನ್‌ಸಿಐಐ’ (StopNCII.org) ಎಂಬ ಜಾಲತಾಣಕ್ಕೆ ಮಗಳ ಜೊತೆ ಹೋಗಿ. ಅದು ಆ ಚಿತ್ರದ ಬೆರಳಚ್ಚಿನಂಥ ಒಂದು ಗುರುತನ್ನು, ‘ಹ್ಯಾಶ್’ ಅನ್ನು, ನಿಮ್ಮ ಫೋನಿನಲ್ಲೇ ತಯಾರಿಸುತ್ತದೆ. ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ, ಆ ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ರೆಡಿಟ್‌ನಂಥ ವೇದಿಕೆಗಳು ಆ ಗುರುತಿಗೆ ಹೊಂದುವ ಚಿತ್ರ ಬಂದರೆ ತಡೆಯುತ್ತವೆ. ಸೇರದ ತಾಣಗಳಲ್ಲಿ ಇದು ನಡೆಯುವುದಿಲ್ಲ. ಚಿತ್ರವನ್ನು ಕತ್ತರಿಸಿ ಬದಲಿಸಿದ್ದರೆ ಆ ಪ್ರತಿಗೂ ಬೇರೆ ಹ್ಯಾಶ್ ಮಾಡಿಸಿ. ಚಿತ್ರದಲ್ಲಿರುವವರು 18 ವರ್ಷದೊಳಗಿನವರಾಗಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಇನ್ನೊಂದು ಉಚಿತ ಸೇವೆ ಇದೆ. ಅಂಥ ಚಿತ್ರದ ಪ್ರತಿಯನ್ನು ಯಾರಿಗೂ ಕಳಿಸಬಾರದು, ನೇರ ಪೊಲೀಸರ ಬಳಿ ಹೋಗಬೇಕು.

‘ಟೇಕ್ ಇಟ್ ಡೌನ್’ ಹೆಸರಿನದೇ ಕಾನೂನೊಂದು 2025ರ ಮೇನಲ್ಲಿ ಅಮೆರಿಕದಲ್ಲಿ ಬಂದಿದೆ. ಅದರ ಪ್ರಕಾರ 2026ರ ಮೇ 19ರಿಂದ, ಸಂತ್ರಸ್ತರು ತಿಳಿಸಿದ 48 ಗಂಟೆಯೊಳಗೆ ವೇದಿಕೆ ಚಿತ್ರ ತೆಗೆಯಬೇಕು, ಎಐ ಮಾಡಿದ ನಕಲಿ ಚಿತ್ರವಾದರೂ ಅಷ್ಟೇ. ಹಾಗಾಗಿ ಅಮೆರಿಕದ ಕಂಪನಿಗಳಿಗೆ ಬರೆಯುವಾಗ ಆ ಕಾನೂನಿನ ಹೆಸರು, 48 ಗಂಟೆಯ ಗಡುವು ಎರಡನ್ನೂ ಬರೆಯಿರಿ. ದುಡ್ಡು ಕೇಳಿ ಯಾರಾದರೂ ಬೆದರಿಸಿದರೆ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ಇನ್ನೊಂದು ವಿನಂತಿ. ಈ ಲಿಂಕ್‌ಗಳನ್ನು ತೆರೆಯುವುದು, ಅಲ್ಲಿನ ಕಾಮೆಂಟ್ ನೋಡುವುದು, ದೂರಿಗೆ ಉತ್ತರ ಬಂತೇ ಎಂದು ದಿನಾ ಪರೀಕ್ಷಿಸುವುದು, ಇದೆಲ್ಲ ನೀವೋ ಮನೆಯ ಇನ್ನೊಬ್ಬರೋ ಇಟ್ಟುಕೊಳ್ಳಿ. ಮಗಳ ಕೈಗೆ ಕೊಡಬೇಡಿ. ಚಿತ್ರ ತೆಗೆದರೆಂಬ ಸುದ್ದಿಯನ್ನಷ್ಟೇ ಅವಳಿಗೆ ಮುಟ್ಟಿಸಿ.